ಹನ್ನೆರಡನೆಯ ಉತ್ತರ

"ನನ್ನ ಮಕ್ಕಳು ಕಾಪಿ ಹೊಡೆದಿಲ್ಲ ಅಣ್ಣಾ. ನಾನೂ ಹೇಳ್ಕೊಟ್ಟಿಲ್ಲ," ಎಂದಳು ಒಲಿಂಪಿಯಾ ಟೀಚರ್, ಒಳಗೆ ಬಂದವಳು ಕೂರದೆಯೇ.

ಕಾಸಿಯಾನ್ ಪಟ್ಟಣದ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ನಿವೃತ್ತನಾಗಿ ಈ ಗುಡ್ಡದ ಹಳ್ಳಿಗೆ ಮರಳಿದ ಮೇಲೆ, ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಬಂದು ನಿಲ್ಲುತ್ತಿದ್ದುದು ಅವನ ಅಡುಗೆಮನೆಯಲ್ಲೇ. ಪಕ್ಕದ ಮನೆಯ ವಿಧವೆ ಸಾಫ್ತಾ ಅವನಿಗೆ ಅಡುಗೆ ಮಾಡಿಕೊಡುತ್ತಿದ್ದಳು. ಅವನು ಹೋದಲ್ಲೆಲ್ಲ ಹೋಗುತ್ತಲೂ ಇದ್ದಳು.

"ಮೊದ್ಲು ಕೂತ್ಕೊ. ಅಳೋದಕ್ಕೂ ಹೊಟ್ಟೇಲಿ ಏನಾದ್ರೂ ಇರ್ಬೇಕು," ಎಂದು ಸಾಫ್ತಾ ಬಿಸಿ ಸೂಪಿನ ಬಟ್ಟಲು ಮುಂದಿಟ್ಟಳು. ಇಪ್ಪತ್ತಾರು ವರ್ಷಗಳಿಂದ ಶಾಲೆಯ ಹಿಂದಿನ ಒಂದೇ ಕೋಣೆಯಲ್ಲಿ ಒಂಟಿಯಾಗಿದ್ದವಳಿಗೆ ಯಾರಾದರೂ ಬಡಿಸಿ ಎಷ್ಟು ಕಾಲವಾಗಿತ್ತೋ. ಅವಳು ಚಮಚ ಹಿಡಿದು ಬಟ್ಟಲನ್ನೇ ನೋಡುತ್ತ ಕೂತಳು.

ನಡೆದದ್ದು ಇಷ್ಟು. ಎಂಟನೆಯ ತರಗತಿಯ ಹನ್ನೆರಡು ಮಕ್ಕಳಿಗೆ ಸಾಹಿತ್ಯದ ಪರೀಕ್ಷೆ. ಹಿಂದೆ ಓದಿರದ ಒಂದು ಕವಿತೆ, ಒಂದು ಕಥೆಯ ತುಣುಕು, ಕೆಳಗೆ ಪ್ರಶ್ನೆಗಳು. ಕಥೆಯ ಹುಡುಗಿ ದಿನವೂ ಬೆಳಿಗ್ಗೆ ಒಂದು ಬಕೆಟ್ ನೀರು ಹೊತ್ತು, ಅಂಗಳದಲ್ಲೇ ಬಾವಿಯಿರುವ ಮನೆಗೆ ಕೊಟ್ಟು, ಮಾತಾಡದೆ ಮರಳಿ, ಕೋಲಿನ ಮೇಲೆ ಒಂದು ಗೀರು ಹಾಕುತ್ತಾಳೆ. ಆಕೆ ದಿನ ಎಣಿಸುವುದೇಕೆ? ರಾಜಧಾನಿ ಬುಕಾರೆಸ್ಟಿನಿಂದ ಬಂದ ಉತ್ತರಸೂಚಿಯ ಪ್ರಕಾರ ಆಕೆ ಮನೆಗೆಲಸದವಳು, ಬಿಡುಗಡೆಯ ದಿನಕ್ಕೆ ಕಾಯುತ್ತಿದ್ದಾಳೆ. ಹನ್ನೊಂದು ಮಕ್ಕಳು ಬರೆದದ್ದೇ ಬೇರೆ. ಅವಳ ಮನೆಯಲ್ಲಿ ಸಾವಾಗಿದೆ. ಸತ್ತವರ ಬಾಯಾರಿಕೆ ತೀರಲೆಂದು ನಲವತ್ತು ದಿನ ನೆರೆಮನೆಗೆ ನೀರು ಕೊಡುತ್ತಿದ್ದಾಳೆ.

"ಇನ್ನೇನು ಬರೀಬೇಕಿತ್ತು?" ಎಂದಳು ಸಾಫ್ತಾ. "ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು."

"ನಾನೂ ಹಾಗೇ ಅಂದೆ ಅಕ್ಕ. 'ಓಹೋ, ಹಾಗಾದ್ರೆ ನೀವೇ ಹೇಳ್ಕೊಟ್ಟಿದೀರಿ' ಅಂದ್ರು ಶಾಲಾ ಇನ್ಸ್‌ಪೆಕ್ಟರು. ಸೋರಿನಾ ಒಬ್ಬಳು ಸರಿಯಾಗಿ ಬರೆದಿದಾಳೆ. 'ನಿಮ್ಮ ಪಿಸುಮಾತು ಅವಳ ಬೆಂಚಿಗೆ ಕೇಳ್ಸಿಲ್ಲ' ಅಂತಾರೆ! ಸೋಮವಾರ ವರದಿ ಹೋದ್ರೆ ನನ್ನ ಕೆಲಸ ಹೋಯ್ತು. ಅಣ್ಣಾ, ಆ ಮಕ್ಕಳ ಗಲಾಟೆ ಬಿಟ್ರೆ ನನಗೆ ಇನ್ನೇನಿದೆ?"

ಕಾಸಿಯಾನ್ ರೊಟ್ಟಿ ಮುರಿದ. "ಉತ್ತರಸೂಚಿ ಎಲ್ಲಿತ್ತು?"

"ಹಿಂದಿನ ದಿನ ಎರಡು ಲಕೋಟೆ ಬಂದ್ವು. ಶಾಲೆ ಬೀರು ಬೀಗ ಕೆಟ್ಟಿದೆ ಅಂತ ಹೆಡ್‌ಮಾಸ್ಟರು ಮನೆಗೆ ತಗೊಂಡ್ಹೋದ್ರು. ಪ್ರಶ್ನೆದು ಮಕ್ಕಳ ಮುಂದೇನೇ ಒಡೆದ್ವಿ. ಉತ್ತರದ್ದು ಪರೀಕ್ಷೆ ಆದ್ಮೇಲೆ ಇನ್ಸ್‌ಪೆಕ್ಟರು."

ಹೆಡ್‌ಮಾಸ್ಟರ್ ವಾಲೆರಿಯು ಲೆಕ್ಕದ ಮೇಷ್ಟ್ರು. ಆ ವಸಂತದಲ್ಲಷ್ಟೇ ಬಯಲು ನಾಡಿನಿಂದ ವರ್ಗವಾಗಿ ಬಂದಿದ್ದ. ಸೋರಿನಾ ಅವನ ತಂಗಿಯ ಮಗಳು. ತಂದೆಯಿಲ್ಲದ ಹುಡುಗಿ, ತಾಯಿ ಇಟಲಿಯಲ್ಲಿ ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ತಂದೆಯ ತಾಯಿ, ಈ ಊರಿನ ಅಜ್ಜಿಯೇ ಸಾಕಿದ್ದು. ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಮಾವ ಬಂದು ಮನೆ ಹೂಡಿದ ಮೇಲೆ ಹುಡುಗಿ ಅಲ್ಲಿಗೆ ಸೇರಿದಳು.

ಶನಿವಾರ ಇನ್ಸ್‌ಪೆಕ್ಟರ್ ಮುಖ ಗಂಟಿಕ್ಕಿಕೊಂಡೇ ಕಾಸಿಯಾನ್, ಸಾಫ್ತಾ ಇಬ್ಬರಿಗೂ ಲಕೋಟೆಗಳನ್ನು ತೋರಿಸಿದ. ಎರಡರ ಅಂಟಿನ ಮೇಲೂ ನೇರಳೆ ಮುದ್ರೆ. ಒಂದರಲ್ಲಿ ಅಕ್ಷರ ಕಡೆದಿಟ್ಟ ಹಾಗಿತ್ತು. ಉತ್ತರಸೂಚಿಯದರಲ್ಲಿ ಬಣ್ಣ ಹರಡಿಕೊಂಡು ಕಾಗದ ಸುಕ್ಕಾಗಿತ್ತು. ಸಾಫ್ತಾ ಅದನ್ನು ಕಾಸಿಯಾನನ ಕಿವಿಯಲ್ಲಿ ಹೇಳಿದಳು. ಅವನು ತಲೆಯಾಡಿಸಿದ.

ದಾರಿಯಲ್ಲಿ ಕೇಳಿದ. "ಸೋರಿನಾಳ ಅಜ್ಜಿಗೆ ನೀರು ಹೊತ್ತವರು ಯಾರು?"

"ಆ ಮಗೂನೇ. ಕೋಲಿಗೆ ಗೀರು ಹಾಕ್ಕೊಂಡು ನಮ್ಮನೆಗೇ ತರ್ತಿದ್ಲು, ಹಿಮ ಬಿದ್ದ ದಿನಾನೂ. ಕೈಗವಸು ಕೊಟ್ರೆ, ಒದ್ದೆ ಆಗುತ್ತೆ ಸಾಫ್ತಜ್ಜಿ ಅಂತ ವಾಪಸ್ ಕೊಡೋಳು."



ಭಾನುವಾರ, ಚರ್ಚು ಮುಗಿದ ಮೇಲೆ, ಎಲ್ಲರೂ ತರಗತಿಯಲ್ಲಿ ಸೇರಿದರು.

"ಸಾಹೇಬ್ರೆ," ಎಂದ ಕಾಸಿಯಾನ್, "ಹನ್ನೊಂದು ತಪ್ಪು ಒಂದೇ ಥರ ಯಾಕೆ ಅಂತ ನೀವು ಕೇಳಿದ್ರಿ. ಈ ಊರಲ್ಲಿ ಸಾವು ಕಾಣದ ಮನೆ ಇಲ್ಲ. ಅವು ಕಂಡಿದ್ದನ್ನ ಬರೆದ್ವು. ನನ್ನ ಪ್ರಶ್ನೆ ಬೇರೆ. ಆ ಒಂದು ಸರಿ ಉತ್ತರ ಎಲ್ಲಿಂದ ಬಂತು?"

"ಬುದ್ಧಿವಂತ ಹುಡುಗಿ ಸರಿಯಾಗಿ ಬರೆದ್ರೆ ಅದೂ ಅಪರಾಧವೇನ್ರೀ?" ಎಂದ ವಾಲೆರಿಯು.

"ಈ ಹುಡುಗಿ ಚಳಿಗಾಲದಲ್ಲಿ ನಲವತ್ತು ದಿನ ನೀರು ಹೊತ್ತು, ಕೋಲಿಗೆ ನಲವತ್ತು ಗೀರು ಹಾಕಿದಾಳೆ. ಸಾಫ್ತಕ್ಕ ಆ ನೀರು ಇಸ್ಕೊಂಡೋಳು. ಯಾರಿಗೆ ಗೊತ್ತಿಲ್ದಿದ್ರೂ ಇವಳಿಗೆ ಗೊತ್ತಿರ್ಬೇಕು. ಇವಳು ಆ ಉತ್ತರ ಬರೀಬೇಕಾದ್ರೆ ಯಾರೋ ಬರೆಯೋಕೆ ಹೇಳಿರ್ಬೇಕು. ಪ್ರಶ್ನೆ ಲಕೋಟೆ ಮಕ್ಕಳ ಮುಂದೇನೇ ಒಡೆಯೋದು, ಅದಕ್ಕೇ ಅದನ್ನ ಯಾರೂ ಮುಟ್ಟಿಲ್ಲ. ಇನ್ನೊಂದನ್ನ ಯಾರು ನೋಡ್ತಾರೆ? ಕೆಟಲ್ ಹಬೆಗೆ ಹಿಡಿದು ಬಿಚ್ಚಿದಾರೆ; ಮುದ್ರೆ ಹರಡಿದೆ. ಒಂದು ರಾತ್ರಿ ಅದು ಇದ್ದದ್ದು ಒಂದೇ ಮನೇಲಿ. ಮೇಷ್ಟ್ರೇ, ನೀವು ಉತ್ತರ ಬಾಯಿಪಾಠ ಮಾಡ್ಸಿದ್ರಿ. ಕಥೆ ಓದೋಕೆ ನಿಮಗೆ ಸಿಕ್ಕಿರ್ಲಿಲ್ಲ. ಸಿಕ್ಕಿದ್ರೂ ಅದು ಇವಳದೇ ಕಥೆ ಅಂತ ಗೊತ್ತಾಗ್ತಿರ್ಲಿಲ್ಲ."

ವಾಲೆರಿಯು ಬಾಯಿ ತೆರೆದ. ಸೋರಿನಾ ಎದ್ದು ನಿಂತಳು.

"ಸಾಕು ಮಾವ." ಅವಳ ಧ್ವನಿ ಬೆಂಚಿಗಷ್ಟೇ ಕೇಳುವಷ್ಟಿತ್ತು. "ಟೀಚರ್ ಮೇಲೆ ಬರುತ್ತೆ ಅಂತ ನಂಗೊತ್ತಿರ್ಲಿಲ್ಲ."

"ಇವಳನ್ನ ಪಟ್ಟಣದ ಹೈಸ್ಕೂಲಿಗೆ ಸೇರಿಸ್ತೀನಿ ಅಂತ ನನ್ನ ತಂಗಿಗೆ ಮಾತು ಕೊಟ್ಟಿದ್ದೆ," ಎಂದು ವಾಲೆರಿಯು ಕುಸಿದು ಕೂತ.

ಇನ್ಸ್‌ಪೆಕ್ಟರ್ ವರದಿಯನ್ನು ಹರಿದು ಇನ್ನೊಂದು ಹಾಳೆ ತೆಗೆದುಕೊಂಡ. "ಟೀಚರ್, ಕ್ಷಮಿಸಿ. ನಿಮ್ಮ ಕೆಲಸಕ್ಕೇನೂ ಆಗೋದಿಲ್ಲ. ಹುಡುಗಿಗೆ ಮರುಪರೀಕ್ಷೆ ಆಗ್ಬೇಕು. ಉತ್ತರಸೂಚಿಯ ವಿಷಯ ನಾನೇ ಬುಕಾರೆಸ್ಟಿಗೆ ಬರೀತೀನಿ."

ಉಳಿದವರೆಲ್ಲ ಹೊರಗೆ ಹೋದರು. ಸಾಫ್ತಾ ಬಾಗಿಲಲ್ಲಿ ನಿಂತಳು. ಒಲಿಂಪಿಯಾ ಹುಡುಗಿಯನ್ನು ಬೈಯಲಿಲ್ಲ. ಒಂದು ಖಾಲಿ ಹಾಳೆ ಮುಂದಿಟ್ಟಳು.

"ಇದು ಪರೀಕ್ಷೆ ಅಲ್ಲ. ನೀನು ಏನು ಬರೀಬೇಕು ಅಂದ್ಕೊಂಡಿದ್ದೆ?"

ಸೋರಿನಾ ಪೆನ್ನು ತೆಗೆದುಕೊಂಡಳು. ಬರೆದದ್ದು ಎರಡೇ ಸಾಲು:

'ಆಕೆ ಎಣಿಸುವುದು ದಿನಗಳು ಬೇಗ ಮುಗಿಯಲೆಂದಲ್ಲ. ನಲವತ್ತು ಮುಗಿದ ಮೇಲೆ, ಬೆಳಿಗ್ಗೆ ಎದ್ದು ಯಾರಿಗಾಗಿ ಏನು ಮಾಡಬೇಕೆಂದು ಆಕೆಗೆ ಗೊತ್ತಿಲ್ಲ.'

ಒಲಿಂಪಿಯಾ ಎರಡು ಸಲ ಓದಿದಳು. ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟು, ಮಕ್ಕಳ ಆ ಕಿರಿದಾದ ಬೆಂಚಿನಲ್ಲಿ ಅವಳ ಪಕ್ಕ ತೂರಿಕೊಂಡು ಕೂತಳು.

"ನಾಳೆ ಏಳಕ್ಕೇ ಬಾ," ಎಂದಳು. "ದಿನಾ ಬೆಳಿಗ್ಗೆ ಚಹಾ ನಾನೊಬ್ಬಳೇ ಕುಡೀತೀನಿ."