ಎಡಗೈ ಚಾಕಿನ ಒರೆ

"ಅಯ್ಯಯ್ಯೋ...!"

ಸೊರಬದಿಂದ ಶಿಕಾರಿಪುರಕ್ಕೆ ಹೊರಟಿದ್ದ ಬೆಳಗಿನ ಬಸ್ಸಿನಲ್ಲಿ, ಪಕ್ಕದಲ್ಲಿ ನಿಂತಿದ್ದವನು ತೊಡೆ ಹಿಡಿದುಕೊಂಡು ಕಿರುಚಿದಾಗ ಶಶಿರೇಖಾಳ ಎದೆ ಧಸಕ್ಕೆಂದಿತು. ಅವಳ ಬಟ್ಟೆಚೀಲದಿಂದ ಚಾಕಿನ ತುದಿ ಇಣುಕುತ್ತಿತ್ತು!

"ಏನ್ರೀ ಇದು? ಚೀಲದಲ್ಲಿ ಮಚ್ಚು ಇಟ್ಕೊಂಡು ಓಡಾಡ್ತೀರಾ?"

"ಮಚ್ಚಲ್ಲ ರೀ, ಕಸಿ ಚಾಕು! ನಾಲ್ಕು ಸುತ್ತು ಪೇಪರ್ ಸುತ್ತಿದ್ದೆ..."

"ಪೇಪರ್ ಓದಿ ಮುಗಿಸಿ ಹೊರಗೆ ಬಂದಿದೆ ನೋಡಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಮಾತ್ರ ನಗಲಿಲ್ಲ. "ನೋಡಮ್ಮಾ, ಈ ವಾರ ಗೋಣಿಚೀಲ ಸುತ್ಕೊಂಡು ಬಾ. ಮುಂದಿನ ವಾರ ಸರಿಯಾದ ಕವರ್ ಇಲ್ದೆ ಹತ್ಸಲ್ಲ."

ಅವಮಾನಕ್ಕೆ ಶಶಿರೇಖಾಳ ಕಣ್ಣು ತುಂಬಿತು. ಉಳವಿಯ ಹುಡುಗಿ ಅವಳು. ಅಂಜನಾಪುರದ ಹತ್ತಿರದ ನರ್ಸರಿಯಲ್ಲಿ ಮಾವಿನ ಗಿಡಗಳಿಗೆ ಕಸಿ ಕಟ್ಟುವುದು ಕೆಲಸ. ಎಡಗೈಯವಳು. ಅಂಗಡಿಯ ಕಸಿ ಚಾಕುಗಳೆಲ್ಲ ಬಲಗೈಯವರಿಗೆಂದೇ ಮಸೆದವು. ಅವಳ ಕೈಯಲ್ಲಿ ಕಸಿಯ ಕಡ್ಡಿ ಸೊಟ್ಟಗೆ ಸೀಳುತ್ತಿತ್ತು. ಅದಕ್ಕೇ ಸೊರಬದ ಕುಲುಮೆಯಲ್ಲಿ ಹೇಳಿ ಮಾಡಿಸಿದ ಚಾಕು ಇದು. ನರ್ಸರಿಯಲ್ಲಿ ಬಿಟ್ಟುಬಂದರೆ ಯಾರಾದರೂ ಹಗ್ಗ ಕೊಯ್ದು ಅಲುಗು ಹಾಳು ಮಾಡುತ್ತಾರೆ. ಇಂಥದ್ದಕ್ಕೆ ಒರೆ ಎಲ್ಲಿ ಸಿಗಬೇಕು?

'ಸಿಗದಿದ್ರೆ ನಾನೇ ಮಾಡ್ಕೋತೀನಿ!'

ಪ್ಲಾಸ್ಟಿಕ್ ಪೈಪು ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಅದರಲ್ಲೇ ಒರೆ ಮಾಡಬಹುದು ಎಂದು ಯಾರೋ ಹೇಳಿದ್ದರು. ಸಂಜೆ ಶಿಕಾರಿಪುರದ ಪೈಪಿನಂಗಡಿ ಹೊಕ್ಕಳು.

ಕೌಂಟರಿನ ಹಿಂದೆ ಅವನೇ! ಬಸ್ಸಿನವನು!

"ಬನ್ನಿ... ಇನ್ನೊಂದು ತೊಡೆ ಬಾಕಿ ಇದೆ."

ಹೆಸರು ತೀರ್ಥೇಶ್. ಒಳಗೆ ಕೂತಿದ್ದ ಅವನ ತಾಯಿ ಹುಲಿಯಮ್ಮ ಮಗನನ್ನು ಗದರಿದರು. ಶಶಿರೇಖಾ ಹಲ್ಲು ಕಚ್ಚಿಕೊಂಡು ವಿಷಯ ಹೇಳಿದಳು. ಅವನು ಚಾಕನ್ನು ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ. ತಟ್ಟನೆ ತಲೆಯೆತ್ತಿದ.

"ಇದನ್ನ ಉಲ್ಟಾ ಕಡೆ ಮಸೆದಿದ್ದಾರೆ. ನೀವು ಎಡಗೈಯವರಾ?"

ಇಷ್ಟು ವರ್ಷದಲ್ಲಿ ಚಾಕು ನೋಡಿ ಅದನ್ನು ಕಂಡುಹಿಡಿದವರು ಒಬ್ಬರೂ ಇರಲಿಲ್ಲ. ಅವಳ ಸಿಟ್ಟು ಒಂದು ಗಳಿಗೆ ತಣ್ಣಗಾಯಿತು.

"ಒರೆ ಮಾಡೋದು ನಿಮಗೆ ಗೊತ್ತಾ?"

"ಓ, ಗೊತ್ತು! ಪೈಪು ಸೀಳಿ, ಬಿಸಿ ಮಾಡಿ, ಚಾಕಿನ ಮೇಲೆ ಮಡಚಿ ಒತ್ತಿ. ಅಷ್ಟೇ!"

ಅಷ್ಟೇ...?

ಮನೆಯಲ್ಲಿ ಪೈಪನ್ನು ಒಲೆಗೆ ಹಿಡಿದದ್ದೇ ತಡ, ಕರೀ ಹೊಗೆ! ಪೈಪು ಸುಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತು.

"ಎಂತಾ ನಾತವೇ ಇದು! ಮನೆ ಸುಡ್ತೀಯಾ ಹೆಂಗೆ?" ಅಮ್ಮ ಬಸಕ್ಕ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು.

ಮರುದಿನ ತೀರ್ಥೇಶ್, "ಉರಿಗೆ ಹಿಡೀಬಾರದು ರೀ, ಕುದಿಯೋ ನೀರಲ್ಲಿ ಅದ್ದಬೇಕು" ಎಂದ.

"ಇದನ್ನ ನಿನ್ನೆ ಹೇಳೋಕೆ ಏನಾಗಿತ್ತು?"

ಅವನು ತಲೆ ಕೆರೆದುಕೊಂಡ.

ಎರಡನೇ ಪೈಪು ಮೆತ್ತಗಾಯಿತು. ಅವಳು ಮಸಿಬಟ್ಟೆ ಹುಡುಕಿ ತರುವಷ್ಟರಲ್ಲಿ ಸೊಟ್ಟಗೆ ಗಟ್ಟಿಯಾಗಿತ್ತು. ಮೂರನೆಯದು ಮಡಚುವಾಗ ಬಾಯಿ ಬಿಟ್ಟುಕೊಂಡಿತು. "ಎರಡು ಹಲಗೆ ಮಧ್ಯೆ ಇಟ್ಟು ಒತ್ತಬೇಕು" ಎಂದ ಮಹಾರಾಯ, ಅದೂ ಆಮೇಲೆ!

ದಿನಾ ಸಂಜೆ ಜಗಳ. ದಿನಾ ಅವನು ಸ್ಟೂಲು ಒರೆಸಿ ಕೊಡುತ್ತಿದ್ದ, ಕಾಫಿ ತರಿಸುತ್ತಿದ್ದ. ಮಧ್ಯಾಹ್ನವಾದರೆ ಸಾಕು, ಅವಳ ಕಣ್ಣು ಗಡಿಯಾರದ ಮೇಲೆ.

'ಇವನ ಹತ್ರ ಜಗಳ ಆಡದಿದ್ರೆ ಅನ್ನ ಸೇರಲ್ಲ ಅನ್ನೋ ಹಾಗಾಯ್ತಲ್ಲ ನಂಗೆ!'

ನಾಲ್ಕನೆಯದು ಚೆಂದ ಬಂತು. ಎಷ್ಟು ಚೆಂದ ಎಂದರೆ... ಒಳಗೆ ಸೇರಿದ ಚಾಕು ಹೊರಗೇ ಬರಲಿಲ್ಲ!

ಎಳೆದಳು. ಕಾಲಲ್ಲಿ ಒತ್ತಿಕೊಂಡು ಎಳೆದಳು. ಊಹೂಂ!

ಅಂದು ನರ್ಸರಿಯಲ್ಲಿ ಇನ್ನೂರು ಗಿಡಗಳ ಕೆಲಸ. ಬರಿಗೈಲಿ ಕೂತವಳನ್ನು ನೋಡಿ ಮೇಸ್ತ್ರಿ ಕೆಲಸವನ್ನು ಬೇರೆಯವರಿಗೆ ಕೊಟ್ಟ. "ಚಾಕಿಗೆ ಪೇಪರ್ ಸುತ್ತಿ ಒತ್ತಿದ್ರೆ ಹಿಡೀತಿರಲಿಲ್ಲ. ಪೈಪಿನಂಗಡಿಯವನಿಗೆ ಅಷ್ಟೂ ಗೊತ್ತಿಲ್ವಾ?" ಎಂದು ಬೇರೆ ಕೇಳಿದ.

ಅವಳ ತಲೆಗೆ ಬೆಂಕಿ ಬಿದ್ದಂತಾಯಿತು. ಗೊತ್ತಿಲ್ಲದೆ ಏನು? ಎಲ್ಲ ಗೊತ್ತು. ದಿನಕ್ಕೊಂದು ತುಂಡು ಹೇಳಿ ಮಜಾ ತಗೊಂಡಿದ್ದಾನೆ!

ಅಂಗಡಿ ತುಂಬ ಗಿರಾಕಿಗಳಿದ್ದರು. ಅವಳು ಲೆಕ್ಕಿಸಲಿಲ್ಲ.

"ನನ್ನ ಕುಣಿಸಿದ್ದು ಸಾಕಾಯ್ತಾ ಮಾರಾಯ್ರೇ? ಎಡಗೈ ಹುಡುಗಿ, ಏನು ಹೇಳಿದ್ರೂ ನಂಬ್ತಾಳೆ ಅಂತ ತಾನೇ?"

ತೀರ್ಥೇಶನ ಮುಖ ಕಪ್ಪಿಟ್ಟಿತು. ಅವನು ಅವಳ ಕೈಯಿಂದ ಒರೆ ತೆಗೆದುಕೊಂಡ. ಬಿಸಿನೀರಿಗೆ ಅದ್ದಿದ; ಅದು ಸಡಿಲಾಗಿ ಚಾಕು ಈಚೆ ಬಂತು. ಒರೆಸಿ ಅವಳ ಮುಂದಿಟ್ಟು ಗೋದಾಮಿನೊಳಗೆ ನಡೆದುಬಿಟ್ಟ.

ಗೆದ್ದಂತಾಗಲಿಲ್ಲ ಅವಳಿಗೆ. ಎದೆಯೊಳಗೆ ಏನೋ ಚುಚ್ಚಿತು.

"ನಿಂತ್ಕೋ ತಾಯಿ." ಹುಲಿಯಮ್ಮ ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. "ನೋಡವ್ವ ಇಲ್ಲಿ."

ಸುಟ್ಟ, ಸೊಟ್ಟಗಾದ, ಸೀಳಿದ ಪೈಪಿನ ತುಂಡುಗಳ ರಾಶಿ! ಪಕ್ಕದಲ್ಲಿ ಮರದಲ್ಲಿ ಕೆತ್ತಿದ ಚಾಕುಗಳು... ಒಂದೊಂದೂ ಅವಳ ಚಾಕಿನದೇ ಅಚ್ಚು.

"ನಿಂಗೆ ಹೇಳೋಕೆ ಮುಂಚೆ ತಾನು ಮಾಡಿ ನೋಡ್ಬೇಕಂತೆ. ವ್ಯಾಪಾರ ಬಿಟ್ಟು ಇದೇ ಉದ್ಯೋಗ. ನಿನ್ನೆ ಕೈಯೂ ಸುಟ್ಕಂಡ!"

ಶಶಿರೇಖಾ ಗೋದಾಮಿನ ಬಾಗಿಲಲ್ಲಿ ನಿಂತಳು. ಪೈಪುಗಳ ಮೇಲೆ ಕೂತಿದ್ದ ಅವನ ಬಲಗೈಗೆ ಬಟ್ಟೆ ಸುತ್ತಿತ್ತು; ಸಿಟ್ಟಿನಲ್ಲಿ ಅವಳು ಅದನ್ನು ಗಮನಿಸಿಯೇ ಇರಲಿಲ್ಲ.

"ಗೊತ್ತಿಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ರೀ ನಿಮಗೆ?"

"ಗೊತ್ತಿಲ್ಲ ಅಂದಿದ್ರೆ... ನೀವು ಬೇರೆ ಅಂಗಡಿಗೆ ಹೋಗ್ತಿದ್ರಿ." ಅವನು ನೆಲ ನೋಡುತ್ತ ಹೇಳಿದ. "ಪೇಪರ್ ಸುತ್ತಬೇಕು ಅಂತ ನಂಗೂ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ನಿಮ್ಮ ಕೆಲಸ ಕೆಡಿಸಿದೆ. ತಪ್ಪಾಯ್ತು."

ಉಕ್ಕಿ ಬಂದದ್ದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ನಾನೂ ಅಂದದ್ದು ತಪ್ಪಾಯ್ತು. ಏಳಿ ಮೇಲೆ! ಐದನೇದು ಇಬ್ರೂ ಸೇರಿ ಕೆಡಿಸೋಣ."

ಅವಳ ಎಡಗೈ, ಅವನ ಎಡಗೈ. ಚಾಕಿಗೆ ಪೇಪರ್ ಸುತ್ತಿ, ಇಬ್ಬರೂ ಹಲಗೆಯ ಮೇಲೆ ಭಾರ ಬಿಟ್ಟು ಒತ್ತಿ ಹಿಡಿದರು. ಪೈಪು ಆರಿತು, ಕೈ ಮಾತ್ರ ಯಾರೂ ತೆಗೆಯಲಿಲ್ಲ. ಅಂಚು ಕೊಂಚ ಓರೆ. ಆದರೂ ಚಾಕು ಸಲೀಸಾಗಿ ಒಳಗೆ ಹೋಯಿತು, ಸಲೀಸಾಗಿ ಹೊರಗೆ ಬಂತು!

"ಇನ್ನು ನಾಳೆಯಿಂದ ನೀವು ಬರೋದಿಲ್ಲ..." ಅವನ ದನಿ ಇಳಿಯಿತು.

"ಭಾನುವಾರ ನೀವೇ ಬನ್ನಿ ಉಳವಿಗೆ. ಅಮ್ಮನ್ನೂ ಕರ್ಕೊಂಡು."

"ಯಾಕೆ? ಒರೆಗೆ ರಿವೆಟ್ ಮೊಳೆ ಹೊಡೆಯೋಕಾ?"

"ಅಯ್ಯೋ ದೇವರೇ! ಹೆಣ್ಣು ನೋಡೋಕೆ ಕಣ್ರೀ!"

ತೀರ್ಥೇಶ್ ಅವಳನ್ನೇ ನೋಡಿದ. ನೋಡುತ್ತಲೇ ಇದ್ದ.

"ನೋಡಿಯಾಯ್ತಲ್ಲ..."

"ಹಾಗಾದ್ರೆ ಒಪ್ಪಿಗೆ ಅಂತ ಹೇಳೋಕೆ ಬನ್ನಿ!"