ಬೆಳಗನ್ನು ಹುಡುಕಿ ಹೋದ ಚಿಕ್ಕಮ್ಮ

ಎಷ್ಟೋ ಕಾಲದ ಹಿಂದೆ, ರೋಮಿಗೆ ಹತ್ತಿರದ ಕಡಲಂಚಿಗೆ ಒಂದು ಪುಟ್ಟ ರಾಜ್ಯವಿತ್ತು. ಗ್ರೀಕರು ಈಯೋಸ್ ಎನ್ನುವ ಮುಂಜಾವಿನ ದೇವಿಯನ್ನು ಅಲ್ಲಿನ ಹೆಂಗಸರು ಮಾತೂತಾ ಎಂದು ಕರೆದು ಜೇನುರೊಟ್ಟಿಯ ಎಡೆಯಿಡುತ್ತಿದ್ದರು.

ಒಂದು ದಿನ ಬೆಳಗಾಗಲಿಲ್ಲ. ಮರುದಿನವೂ ಆಗಲಿಲ್ಲ.

ಆ ಊರಿನ ನೇಕಾರಳು ವಿಬಿಯಾ, ತೀರಿಹೋದ ಅಕ್ಕನ ಮಗಳು ಲೂಕಿಯಾಳನ್ನು ಸಾಕಿಕೊಂಡಿದ್ದಳು. ಮಗುವಿನ ಮೈ ಜ್ವರದಿಂದ ಸುಡುತ್ತಿತ್ತು. "ಮುಂಜಾವಿನ ಬೆಳಕು ಬಿದ್ದರೆ ಮಾತ್ರ ಇದು ಇಳಿದೀತು," ಎಂದ ವೈದ್ಯ.

"ಚಿಕ್ಕಮ್ಮಾ, ಬೆಳಗು ಎಲ್ಲಿ ಹೋಯಿತು?"

"ನನಗೂ ಅದೇ ತಿಳಿಯಬೇಕು ಕಂದಾ. ನೋಡಿ ಬರುತ್ತೇನೆ." ಮಗುವನ್ನು ನೆರೆಯವಳಿಗೆ ಒಪ್ಪಿಸಿ, ಎರಡು ಜೇನುರೊಟ್ಟಿ ಕಟ್ಟಿಕೊಂಡು ವಿಬಿಯಾ ಮೂಡಣ ಬೆಟ್ಟಕ್ಕೆ ಹೊರಟಳು.

ಬೆಟ್ಟದ ಬುಡದಲ್ಲಿ ದೇವಿಯ ರೆಕ್ಕೆಗುದುರೆಗಳು ಕಿಡಿ ಹಾರುವಂತೆ ನೆಲ ಒದೆಯುತ್ತಿದ್ದವು. ಒಂದು ರೊಟ್ಟಿ ಮುರಿದು ತಿನ್ನಿಸಿದಳು, ದಾರಿ ಬಿಟ್ಟವು. ನಡುಬೆಟ್ಟದಲ್ಲಿ ಕಂಚಿನ ನಾಯಿ ಬಾಯ್ತೆರೆಯಿತು. ಇನ್ನೊಂದು ರೊಟ್ಟಿ ಎಸೆದಳು. ಜೇನು ಹಲ್ಲಿಗಂಟಿ ನಾಯಿ ಕಚ್ಚಲಾರದೆ ಕುಳಿತಿತು. ತುದಿ ಮುಟ್ಟಿದಾಗ ಅವಳದು ಬರಿಗೈ.

ಅಲ್ಲಿ ವುಲ್ಸೋ ಎಂಬ ಮಾಯಾವಿ ನಿಂತಿದ್ದ. ಅವನ ಬೆಳ್ಳಿಯ ಪಂಜರದಲ್ಲಿ ಒಂದು ಜೀರುಂಡೆ. ಪಕ್ಕದಲ್ಲೇ ದೇವಿ ಅಳುತ್ತಿದ್ದಳು. ಅವಳ ಕಣ್ಣೀರು ಕಲ್ಲಿನ ಮೇಲೆ ಇಬ್ಬನಿಯಾಗಿತ್ತು.

"ತಾಯೀ, ಪಂಜರದಲ್ಲಿರುವುದು ಯಾರು?"

"ನನ್ನ ಗಂಡ. ಅವನಿಗೆ ಸಾವು ಬಾರದಿರಲಿ ಎಂದು ವರವಿತ್ತೆ, ಮುಪ್ಪು ಬಾರದಿರಲಿ ಎನ್ನಲು ಮರೆತೆ. ಮುದುಡಿ ಮುದುಡಿ ಹೀಗಾದ. ಇವನನ್ನು ಬಿಟ್ಟು ಹೇಗೆ ರಥವೇರಲಿ? ಈ ಮಾಯಾವಿಗೂ ಅದೇ ವರ ಬೇಕಂತೆ. ಕೊಡಲು ಮನಸ್ಸು ಬಾರದು."

ವಿಬಿಯಾ ಮಾಯಾವಿಯತ್ತ ತಿರುಗಿದಳು. "ಅಯ್ಯಾ, ಕೇಳಿದೆಯಲ್ಲ? ಆ ವರ ಬೇಡ."

"ಬಾಯಿ ಮುಚ್ಚು! ಮುನ್ನೂರು ವರ್ಷದಿಂದ ಮುಪ್ಪು ತಡೆಯುವ ಮಂತ್ರ ಜಪಿಸಿ ಜಪಿಸಿ ಸಾಕಾಗಿದೆ. ನನಗೆ ಸಾವು ಬರಕೂಡದು. ಅಷ್ಟಾದರೆ ಪಂಜರ ತೆರೆಯುತ್ತೇನೆ."

"ಹೇಳುವಷ್ಟು ಹೇಳಿದ್ದೇವೆ ತಾಯಿ, ಕೊಟ್ಟುಬಿಡು," ಎಂದಳು ವಿಬಿಯಾ. "ಅಲ್ಲಿ ನನ್ನ ಅಕ್ಕನ ಮಗಳು ಸಾಯುತ್ತಿದ್ದಾಳೆ."

"ಅಕ್ಕನ ಮಗಳಿಗಾಗಿ ಇಲ್ಲಿಯವರೆಗೆ ಬಂದೆಯಾ?" ಎಂದಳು ದೇವಿ.

"ನಾನು ಹೆತ್ತಿಲ್ಲ. ಆದರೆ ಅವಳು ಕೂಗುವುದು ನನ್ನನ್ನೇ."

ದೇವಿ ಕೈಯೆತ್ತಿ ವರವಿತ್ತಳು. ಮಾಯಾವಿ ಪಂಜರ ತೆರೆದ, ಇನ್ನೇಕೆ ಎಂದು ಮಂತ್ರವನ್ನೂ ನಿಲ್ಲಿಸಿದ. ತಡೆದಿಟ್ಟ ಮುಪ್ಪೆಲ್ಲ ಒಮ್ಮೆಗೇ ಅವನ ಮೇಲೆ ಬಿತ್ತು. ಬಗ್ಗಿದ, ಕುಗ್ಗಿದ, ಹುಳದಷ್ಟಾಗಿ ಕಲ್ಲಿನ ಬಿರುಕಿಗೆ ಜಾರಿಹೋದ.

ದೇವಿ ಗಂಡನನ್ನು ಅಂಗೈಯಲ್ಲಿ ಎತ್ತಿಕೊಂಡು, ಕುದುರೆಗಳನ್ನು ಕರೆದು, ವಿಬಿಯಾಳನ್ನೂ ಕೂರಿಸಿಕೊಂಡು ರಥ ಬಿಟ್ಟಳು. ಮೂಡಣ ಕೆಂಪಾಯಿತು. ಬೆಳಕು ಲೂಕಿಯಾಳ ಹಣೆ ಮುಟ್ಟಿತು. ಹುಡುಗಿ ಬೆವೆತು, ಕಣ್ಣುಬಿಟ್ಟು, "ಹಸಿವು," ಎಂದಳು.

"ಇನ್ನು ನನ್ನ ಹಬ್ಬದಲ್ಲಿ ಅಕ್ಕತಂಗಿಯರ ಮಕ್ಕಳಿಗಾಗಿ ಬೇಡಿರಿ, ಮೊದಲು ಕೇಳಿಸಿಕೊಳ್ಳುತ್ತೇನೆ," ಎಂದು ಹೇಳಿ, ವಿಬಿಯಾಳನ್ನು ಮನೆಯ ಮುಂದೆ ಇಳಿಸಿ ದೇವಿ ಮೇಲೇರಿದಳು.

ಆ ನಾಡಿನವರೆಲ್ಲ ಸುಖವಾಗಿ ಬಾಳಿದರು. ಹಬ್ಬ ಬಂದಾಗ ಗುಡಿಯ ಮುಂದೆ ಚಿಕ್ಕಮ್ಮ ದೊಡ್ಡಮ್ಮಂದಿರ ತೋಳಿನಲ್ಲಿ ಮಕ್ಕಳೋ ಮಕ್ಕಳು.