ನಾವು ಅಂದರೆ ಎಷ್ಟು ಜನ?

ಪೇತ್ಸಾ ಬೆಟ್ಟ ಮೊದಲು ಈಗಿರುವ ಜಾಗದಲ್ಲಿ ಇರಲಿಲ್ಲ. ಹೆಂಡತಿಯ ಅಡುಗೆಮನೆಗೆ ಬಿಸಿಲು ಬೀಳುತ್ತಿಲ್ಲವೆಂದು ಒಂದು ಭಾನುವಾರ ನಾನೇ ಬೆನ್ನು ಕೊಟ್ಟು ಅದನ್ನು ಆಚೆ ಸರಿಸಿದೆ. ಇನ್ನೂ ಸ್ವಲ್ಪ ಸರಿಸುತ್ತಿದ್ದೆ, ಗಡಿಯಾಚೆಯ ಆಸ್ಟ್ರಿಯಾದವರು ಕೂಗಾಡಿದರು.

ನಂಬದಿದ್ದರೆ ಬಿಡಿ. ಆದರೆ ಆ ಬೆಟ್ಟದ ಹೆಗಲ ಮೇಲೆ ತಂಗುಮನೆ ನಡೆಸುವ ಈ ಉರ್ಬಾನನ ಕಣ್ಣು ತಪ್ಪಿಸಿ ಅಲ್ಲಿ ಒಂದು ಇರುವೆಯೂ ಪ್ರೀತಿ ಮಾಡಿದ್ದಿಲ್ಲ. ನಮ್ಮೂರ ಹುಡುಗಿ ಜೀವಾಳ ಎದೆಯಲ್ಲಿ ಏನಾಯಿತೆಂದು ಅವಳಿಗಿಂತ ಮೊದಲು ತಿಳಿದವನು ನಾನು!

ಮೇ ತಿಂಗಳ ಒಂದು ಬೆಳಿಗ್ಗೆ ಜೀವಾ ಸೈಕಲ್ ತಳ್ಳಿಕೊಂಡು ಜಲ್ಲಿ ದಾರಿ ಏರುತ್ತಿದ್ದಳು. ಮೇಲಿನ ತಿರುವಿನಿಂದ ಒಬ್ಬ ಹುಡುಗ ಸೈಕಲ್ ಸಮೇತ ಹಾರಿ, ನನ್ನ ಚಿಮಣಿಯ ಮೇಲಿಂದ ದಾಟಿ, ಎರಡು ಮೋಡ ಹರಿದು, ನೇರ ಅವಳ ಕಾಲ ಬುಡಕ್ಕೆ ಬಿದ್ದ.

"ಕಣ್ಣು ಎಲ್ಲಿಟ್ಕೊಂಡು ಇಳೀತೀಯೋ?"

"ಬ್ರೇಕ್ ಹಿಡೀಲಿಲ್ಲ... ನಿಂಗೇನಾದ್ರೂ ಪೆಟ್ಟಾಯ್ತಾ?"

"ನನ್ನ ವಿಷಯ ಬಿಡು, ನಿನ್ನ ಮೊಣಕೈ ನೋಡ್ಕೋ. ಯಾವೂರು?"

"ಸಮುದ್ರದ ಕಡೆ. ದಾರಿಯೊ ಅಂತ ಹೆಸರು."

"ಅದಕ್ಕೇ! ಉಪ್ಪಿನ ಗುಡ್ಡೆ ಇಳಿದು ಅಭ್ಯಾಸ ಆದೋರು ನಮ್ಮ ಬೆಟ್ಟಕ್ಕೆ ಬರಬಾರ್ದು."

"ಉಪ್ಪಿಲ್ದೆ ನಿಮ್ಮ ಬೆಟ್ಟದೋರು ಊಟ ಮಾಡ್ತೀರಾ?"

ಜೀವಾ ನಗು ನುಂಗಿಕೊಂಡು ಕುತ್ತಿಗೆಯ ವಸ್ತ್ರ ಬಿಚ್ಚಿ ಅವನ ಮೊಣಕೈಗೆ ಕಟ್ಟಿದಳು. 'ಬಿದ್ದವನು ಇವನು... ಎದೆ ಬಡಿದುಕೊಳ್ಳುತ್ತಿರುವುದು ನನ್ನದೇಕೆ?'

ಬೇಸಿಗೆ ಪೂರ್ತಿ ಇಬ್ಬರೂ ಒಟ್ಟಿಗೆ ಸೈಕಲ್ ತುಳಿದರು. ಸೆಪ್ಟೆಂಬರಿನ ಜೋಡಿ ಸೈಕಲ್ ಓಟಕ್ಕೆ ಒಂದೇ ಜೋಡಿಯಾಗಿ ಹೆಸರು ಕೊಟ್ಟರು. ಆ ಓಟದಲ್ಲಿ ಒಬ್ಬರೇ ಮುಂದೆ ಹೋದರೆ ಲೆಕ್ಕವಿಲ್ಲ. ದಾರಿಯ ಪ್ರತಿ ತಪಾಸಣೆ ಠಾಣೆಯನ್ನೂ ಇಬ್ಬರೂ ಸೇರಿಯೇ ದಾಟಬೇಕು. ನನ್ನ ತಂಗುಮನೆಯೂ ಅಂಥದೊಂದು ಠಾಣೆ.

ಆದರೆ ದಾರಿಯೊ ಒಂದು ಮಾತು ಮಾತ್ರ ಆಡಲಿಲ್ಲ. ಜೀವಾ ಅದಕ್ಕಾಗಿಯೇ ಕಾಯುತ್ತಿದ್ದಳು.

ನಮ್ಮ ಭಾಷೆಯಲ್ಲಿ 'ನಾವು' ಎರಡು ಬಗೆ. ಮೂವರಿರಲಿ, ಮುನ್ನೂರು ಜನರಿರಲಿ, ಹೊರಡೋಣ ಎನ್ನಲೂ ಹೊರಟೆವು ಎನ್ನಲೂ 'ಗ್ರೆಮೊ'. ಇಬ್ಬರೇ ಇದ್ದರೆ 'ಗ್ರೆವಾ'. ಸಂಸ್ಕೃತದ ಪಂಡಿತರು ದ್ವಿವಚನ ಅನ್ನುತ್ತಾರಲ್ಲ, ಅದು ನಮ್ಮಲ್ಲಿ ಹಾಲು ಕರೆಯುವವರ ಬಾಯಲ್ಲೂ ಇದೆ. ಪ್ರೀತಿಸುತ್ತೇನೆ ಎಂದು ಬಾಯಿಬಿಟ್ಟು ಹೇಳುವ ಗಂಡಸರು ನಮ್ಮ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಗುಂಪಿನ ನಡುವೆ ಒಬ್ಬ ಹುಡುಗ ಒಬ್ಬಳ ಕಡೆ ತಿರುಗಿ 'ಗ್ರೆವಾ' ಅಂದರೆ ಸಾಕು... ಅವಳ ತಾಯಿ ಮದುವೆಗೆ ಬಟ್ಟಲು ತೊಳೆಯಲು ಶುರು ಮಾಡುತ್ತಾಳೆ.

ದಾರಿಯೊ ಬೇಸಿಗೆಯಿಡೀ ಅವಳಿಗೆ ಹೇಳಿದ್ದು 'ಗ್ರೆಮೊ'.

'ಅವನಿಗೆ ನಾನು ಗುಂಪಿನಲ್ಲಿ ಒಬ್ಬಳು. ಅಷ್ಟೇ.'

ಓಟದ ದಿನ ಬೆಳಗಾಗುವಾಗಲೇ ಬೆಟ್ಟದ ಲಕ್ಷಣ ಕೆಟ್ಟಿತ್ತು. ಮೇಯಲು ಬಿಟ್ಟ ಹಸುಗಳು ಯಾರೂ ಅಟ್ಟದೆ ತಾವಾಗಿಯೇ ಸಾಲಾಗಿ ಇಳಿದು ಬಂದವು. ಕುತ್ತಿಗೆಯ ಗಂಟೆಗಳು ಬಿಟ್ಟರೆ ಬೇರೆ ಸದ್ದಿಲ್ಲ. ಹಕ್ಕಿಯಿಲ್ಲ, ಗಾಳಿಯಿಲ್ಲ. ಶಿಖರದ ಹಿಂದೆ ಮೋಡ ಸೀಸದ ಬಣ್ಣಕ್ಕೆ ತಿರುಗಿತ್ತು.

ಹೊರಡುವ ಗೆರೆಯ ಬಳಿ ದಾರಿಯೊ ಅವಳ ಹೆಲ್ಮೆಟ್ಟಿನ ಪಟ್ಟಿ ಸರಿಪಡಿಸುತ್ತಾ ತೊದಲಿದ. "ಜೀವಾ... ಓಟ ಮುಗಿದ ಮೇಲೆ, ಸಮುದ್ರಕ್ಕೆ ಗ್ರೆಮೊ."

ಅವಳು ಪಟ್ಟಿಯಿಂದ ಅವನ ಕೈ ಸರಿಸಿದಳು. "ಯಾರ್ಯಾರು?"

"ಯಾರ್ಯಾರು ಅಂದ್ರೆ? ನಾವು!"

ಅವನ ಬೆನ್ನ ಹಿಂದೆ ಅವನೂರಿನ ನಾಲ್ವರು ಗೆಳೆಯರು ವ್ಯಾನಿಗೆ ಚೀಲ ತುಂಬುತ್ತಿದ್ದರು. ಜೀವಾ ಅವರನ್ನು ನೋಡಿದಳು. 'ಓ... ಇವರ ಜೊತೆ ಹೊರಟುಬಿಡ್ತಾನೆ. ಹೋಗ್ತಾ ನನಗೊಂದು ಮಾತು ಹೇಳಿದ, ಅಷ್ಟೇ!'

"ಹೋಗಿ ಬನ್ನಿ. ನೀವೆಲ್ಲ!" ಎಂದು ಅವಳು ಮುಖ ತಿರುಗಿಸಿದಳು.

ಓಟದ ಸೀಟಿ ಊದಿದರು.

ಅರ್ಧ ಏರುವಷ್ಟರಲ್ಲಿ ಮಳೆ ಬಂತು. ಆಮೇಲೆ ಮಳೆಯೊಳಗೆ ಹಿಮದ ಚೂರು. ಕಲ್ಲುಗಳು ಸೋಪು ಹಚ್ಚಿದಂತಾದವು, ಬೇರುಗಳು ಹಾವಿನಂತೆ ಹೊಳೆದವು. ಕಣಿವೆಯಿಂದ ಮಂಜು ಎದ್ದು ಮುಂದಿನ ಚಕ್ರವನ್ನೇ ನುಂಗಿತು. ಜೀವಾ ಹಿಂತಿರುಗಿ ನೋಡದೆ ತುಳಿದಳು.

"ಜೀವಾ, ನಿಧಾನ! ನೀನು ಕಾಣ್ತಿಲ್ಲ!"

ಅವಳು ಕೇಳಿಸದವಳಂತೆ ಮುಂದೆ ಹೋದಳು. ಕಣಿವೆ ದಾಟುವ ಕಡೆ, ಕಬ್ಬಿಣದ ಶಿಲುಬೆಯ ಹತ್ತಿರ, ಮರ ಕಡಿಯುವವರ ಅಡ್ಡದಾರಿ ಒಂದಿದೆ. ಬೆಟ್ಟದವರಿಗೆ ಮಾತ್ರ ಗೊತ್ತು. ಸಿಟ್ಟಿನ ಕೈ ಹ್ಯಾಂಡಲನ್ನು ಅತ್ತ ತಿರುಗಿಸಿತು. ಅವನಿಗೆ ಒಂದು ಮಾತೂ ಹೇಳದೆ...

ಅವಳು ನನ್ನ ಠಾಣೆಗೆ ಬಂದಾಗ ನಡು ಮಧ್ಯಾಹ್ನವೇ ದೀಪ ಹಚ್ಚಿದ್ದೆವು. ತುಟಿ ನೀಲಿಯಾಗಿತ್ತು. ವೈರ್‌ಲೆಸ್ಸಿನಲ್ಲಿ ಗೊರಗೊರ ದನಿ: "ಓಟ ರದ್ದು. ಸಿಡಿಲು ಬೀಳ್ತಿದೆ. ಎಲ್ಲರೂ ಇಳೀರಿ."

"ನಿನ್ನ ಜೋಡಿ ಎಲ್ಲಮ್ಮಾ?" ಎಂದೆ.

"ಅವನ ಕಡೆಯೋರ ಜೊತೆ ಇಳಿದಿರ್ತಾನೆ, ಉರ್ಬಾನ್ ಮಾವ." ಅವಳು ಕಂಬಳಿಯೊಳಗೆ ಮುಖ ಹುದುಗಿಸಿದಳು.

ಹೊರಗೆ ಆಲಿಕಲ್ಲು ಛಾವಣಿಯ ಮೇಲೆ ಕುಣಿಯತೊಡಗಿತು. ನನ್ನ ಹೆಂಡತಿ ನೀವೆಸ್ ಹುಳಿ ಎಲೆಕೋಸಿನ ಸಾರಿನ ಸೌಟು ಕೆಳಗಿಟ್ಟು, ಪಕ್ಕದ ಪುಟ್ಟ ಗುಡಿಯ ಕೀಲಿ ಎತ್ತಿಕೊಂಡಳು. ಆಲಿಕಲ್ಲು ಬಂದರೆ ಗಂಟೆ ಬಾರಿಸಬೇಕು. ಮೋಡ ಚೆದರುತ್ತದೆ ಅಂತ ಹಿರಿಯರ ಮಾತು. ಮಂಜಿನಲ್ಲಿ ಸಿಕ್ಕವರಿಗೆ ದಿಕ್ಕಾದರೂ ತಿಳಿಯುತ್ತದೆ.

"ಏಳ್ರೀ, ಬೆಂಚಿಗೆ ಅಂಟ್ಕೊಂಡಿದ್ದೀರಲ್ಲ! ಗ್ರೆಮೊ!" ಎಂದಳು ನನಗೆ.

ಜೀವಾ ಥಟ್ಟನೆ ತಲೆಯೆತ್ತಿದಳು.

"ಅತ್ತೆ... ಯಾರ್ಯಾರು ಹೋಗ್ತಿದ್ದೀರಿ?"

"ಇನ್ಯಾರು? ಈ ಸೋಮಾರಿ, ನಾನು."

"ಇಬ್ಬರೇನಾ? ಮತ್ತೆ ಗ್ರೆಮೊ ಅಂದ್ರಲ್ಲ!"

ನೀವೆಸ್ ನಕ್ಕಳು. "ನಾನು ಸಮುದ್ರದ ಕಡೆಯೋಳು ಮಗಳೇ. ನಿಮ್ಮ ಆ ಇಬ್ಬರ ಮಾತು ನಮ್ಮೂರಲ್ಲಿ ಅಜ್ಜಿ ಕಾಲದಲ್ಲೇ ಸತ್ತೋಯ್ತು. ನಮಗೆ ನಲವತ್ತು ಜನಕ್ಕೂ ಗ್ರೆಮೊ, ಗಂಡನಿಗೂ ಗ್ರೆಮೊ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಈ ಮನುಷ್ಯ ಇನ್ನೂ ತಿದ್ದುತ್ತಾನೆ, ನಾನಿನ್ನೂ ತಪ್ತೀನಿ."

ಜೀವಾ ಕಂಬಳಿ ಕೊಡವಿ ಎದ್ದಳು.

'ಸಮುದ್ರಕ್ಕೆ ಗ್ರೆಮೊ... ಅಯ್ಯೋ! ಅವನು ಹೇಳಿದ್ದು ನನಗೆ... ನಮ್ಮಿಬ್ಬರಿಗೆ!'

ಅದೇ ಗಳಿಗೆಗೆ ವೈರ್‌ಲೆಸ್ ಮತ್ತೆ ಗೊರಗುಟ್ಟಿತು. "ಎಲ್ಲ ಜೋಡಿಗಳೂ ಇಳಿದ್ರು. ಸಮುದ್ರದ ಕಡೆಯ ಹುಡುಗ ಒಬ್ಬ ಬಂದಿಲ್ಲ. ಕೊನೆಗೆ ಶಿಲುಬೆ ಹತ್ರ ನೋಡಿದ್ದಂತೆ. ಜೊತೆಯೋಳು ಹಿಂದೆ ಬಿದ್ದಿದ್ದಾಳೆ ಅಂತ ವಾಪಸ್ ಹುಡುಕ್ಕೊಂಡು ಹೋದನಂತೆ..."

ಹಿಂದೆ! ಇವಳು ಅಡ್ಡದಾರಿಯಲ್ಲಿ ಮುಂದೆ ಬಂದು ಒಲೆಯ ಪಕ್ಕ ಕೂತಿದ್ದಾಳೆ. ಅವನು ಸಿಡಿಲಿನ ಬಾಯಲ್ಲಿ ನಿಂತು ಇವಳ ಹೆಸರು ಕೂಗುತ್ತಿದ್ದಾನೆ. ಜೀವಾ ಅಂದರೆ ನಮ್ಮಲ್ಲಿ ಬದುಕಿರುವವಳು ಎಂದರ್ಥ. ಆ ಹೆಸರನ್ನು ಆ ಮಂಜಿನೊಳಗೆ ಕೂಗಿದರೆ ಹೇಗೆ ಕೇಳಿಸೀತು, ಯೋಚಿಸಿ.

"ಜೀವಾ, ಬೇಡ! ರಕ್ಷಣೆಯವರು ಬರಲಿ!" ಎಂದು ನೀವೆಸ್ ಕೂಗಿದಳು. ಬಾಗಿಲು ಆಗಲೇ ಗಾಳಿಗೆ ಬಡಿದುಕೊಳ್ಳುತ್ತಿತ್ತು.

ನಾನು ಬಿಡುತ್ತೇನೆಯೇ? ಕೊಡಲಿ ಹಿಡಿದು ಅವಳ ಹಿಂದೆ ಓಡಿದೆ. ದಾರಿಗೆ ಅಡ್ಡಬಿದ್ದ ಮರಗಳನ್ನು ಒಂದೇ ಏಟಿಗೆ ಸೀಳಿದೆ. ಸಿಡಿಲೊಂದು ಜೀವಾಳ ನೆತ್ತಿಗೇ ಇಳಿಯಿತು. ಕೊಡಲಿಯಲ್ಲಿ ಹಿಡಿದು ಆಸ್ಟ್ರಿಯಾಕ್ಕೆ ತಿರುಗಿಸಿದೆ! ಶಿಲುಬೆಯ ಕೆಳಗಿನ ಕೊರಕಲಿನಲ್ಲಿ ದಾರಿಯೊ ಬಂಡೆಯಡಿ ಸಿಕ್ಕಿದ್ದ. ಆ ಬಂಡೆಯನ್ನು ಎಡಗೈಯಲ್ಲಿ ಎತ್ತಿ...

ಕಥೆ ಇಲ್ಲಿಗೆ ಬಂದಾಗ ತಂಗುಮನೆಯ ಅತಿಥಿಗಳು ಯಾವಾಗಲೂ ಚಪ್ಪಾಳೆ ತಟ್ಟುತ್ತಾರೆ. ಕಳೆದ ಭಾನುವಾರ ಮಾತ್ರ ಒಲೆಯ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಉರ್ಬಾನ್ ಮಾವ, ಯಾವ ಬಂಡೆ?"

ಒದ್ದೆ ಕೂದಲು ಒರೆಸುತ್ತಾ ಜೀವಾ ಕೂತಿದ್ದಳು. ಪಕ್ಕದಲ್ಲಿ ದಾರಿಯೊ. ಯಾವಾಗ ಒಳಗೆ ಬಂದರೋ!

"ಸಣ್ಣದೊಂದು..." ಎಂದೆ.

"ನೀವು ಅಲ್ಲಿಗೆ ಬಂದೇ ಇರ್ಲಿಲ್ಲವಲ್ಲ?" ಎಂದ ದಾರಿಯೊ, ಮೆತ್ತಗೆ. ಅತಿಥಿಗಳೆಲ್ಲ ನನ್ನ ಕಡೆ ತಿರುಗಿದರು. ನೀವೆಸ್ ಸೊಂಟದ ಮೇಲೆ ಕೈಯಿಟ್ಟು, "ಈಗ ಹೇಳಿ ನೋಡೋಣ" ಎಂದಳು.

ಸರಿ. ನಿಜ ಹೇಳುತ್ತೇನೆ.

ನಾನು ಹೊಸ್ತಿಲು ದಾಟಲಿಲ್ಲ. ಭಯ. ಬಾಗಿಲ ಚೌಕಟ್ಟು ಹಿಡಿದು ನಿಂತೆ, ಅಷ್ಟೇ. ನೀವೆಸ್ ಒಬ್ಬಳೇ ಗುಡಿಯಲ್ಲಿ ಗಂಟೆಯ ಹಗ್ಗ ಎಳೆಯುತ್ತಿದ್ದಳು. ಸಿಡಿಲು ಬೀಳುತ್ತಿತ್ತು, ಗಂಟೆ ಕೇಳುತ್ತಿತ್ತು, ಮತ್ತೆ ಸಿಡಿಲು. ಒಮ್ಮೆ ಸಿಡಿಲು ಬಿದ್ದ ಮೇಲೆ ಗಂಟೆ ಕೇಳಲಿಲ್ಲ. ಆಗ ನಾನು ಅತ್ತುಬಿಟ್ಟೆ. ಅವಳು ಕೈ ಬದಲಿಸುತ್ತಿದ್ದಳಂತೆ.

ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಅವರು ಯಾರಿಗೂ ಹೇಳಿಲ್ಲ. ಅವನ ಸೈಕಲ್ ಇವತ್ತಿಗೂ ಆ ಕೊರಕಲಿನಲ್ಲೇ ಇದೆ.

ನಾನು ಕಂಡದ್ದು ಇಷ್ಟೇ. ಮಂಜಿನಿಂದ ಎರಡು ನೆರಳು ಬಂದವು. ನಡುವೆ ಒಂದೇ ಸೈಕಲ್. ಅದನ್ನು ಊರುಗೋಲಿನಂತೆ ಇಬ್ಬರೂ ಹಿಡಿದಿದ್ದರು. ಹೊಸ್ತಿಲ ಹತ್ತಿರ ಜೀವಾ ನಿಂತಳು. ಮುಖದ ಮೇಲೆ ಇದ್ದದ್ದು ಮಳೆಯೋ ಕಣ್ಣೀರೋ ತಿಳಿಯಲಿಲ್ಲ.

"ಬೆಳಿಗ್ಗೆ ಹೇಳಿದ್ಯಲ್ಲ, ನಾವು ಅಂತ. ನಾವು ಅಂದ್ರೆ ಎಷ್ಟು ಜನ, ದಾರಿಯೊ?"

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಬೆರಳಲ್ಲಿ ತೋರಿಸಲು ಕೈ ಎತ್ತಿದ. ಬ್ರೇಕ್ ಹಿಡಿದು ಹಿಡಿದು ಬೆರಳುಗಳು ಮುಷ್ಟಿಯಾಗಿ ಮರಗಟ್ಟಿದ್ದವು, ಬಿಚ್ಚಿಕೊಳ್ಳಲಿಲ್ಲ. ಅವನು ಅಸಹಾಯಕನಾಗಿ ಅವಳನ್ನೇ ನೋಡಿದ.

ಜೀವಾ ಆ ಮುಷ್ಟಿಯನ್ನು ತುಟಿಯ ಹತ್ತಿರ ತಂದು ಬಿಸಿಯುಸಿರು ಬಿಟ್ಟಳು. ತೋರುಬೆರಳನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ನಡುಬೆರಳನ್ನು. ಅಲ್ಲಿಗೆ ನಿಲ್ಲಿಸಿ ಅವನ ಕಣ್ಣು ನೋಡಿದಳು.

"ಇಷ್ಟೇನಾ?"

"ಇಷ್ಟೇ... ಇನ್ನೊಂದು ಬಿಡಿಸ್ಬೇಡ."

"ಬಿಡಿಸಲ್ಲ."